ಮಧ್ಯಾಹ್ನ ಒಂದು ಹತ್ತರ ಫೈಲು

ಜನವರಿ 6, ಸೋಮವಾರ

ಮೊದಲ ದಿನವೇ ಮಂಗಳಾರತಿ ಮಾಡಿಸಿಕೊಂಡೆ. ಬೆಳಿಗ್ಗೆ ಎಂಟಕ್ಕೆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಒಂದು ಮೇಲ್ ಬಂದಿತ್ತು: "ತರಬೇತಿಗೆ ಸ್ವಾಗತ. ಗುರುತಿನ ಚೀಟಿಗಾಗಿ ಇಲ್ಲಿ ಒತ್ತಿ ಫೋಟೋ ಹಾಕಿ." ಒತ್ತಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಇದ್ದುದರಲ್ಲೇ ಚೆಂದದ ಫೋಟೋ ಹುಡುಕಿ ಹಾಕಿದೆ. ಹತ್ತಕ್ಕೆ ಭದ್ರತಾ ಕೊಠಡಿಗೆ ಹೋದರೆ ಗೋಡೆಯ ದೊಡ್ಡ ಪರದೆಯ ಮೇಲೆ ಅದೇ ಫೋಟೋ ಹಲ್ಲು ಕಿರಿಯುತ್ತಿತ್ತು. ನಮ್ಮನ್ನು ಪರೀಕ್ಷಿಸಲೆಂದೇ ಕಳಿಸಿದ ಸುಳ್ಳು ಮೇಲ್ ಅದು. ಆಯ್ಕೆಯಾದ ನಾಲ್ವರಲ್ಲಿ ಸಿಕ್ಕಿಬಿದ್ದವಳು ನಾನೊಬ್ಬಳೇ.

ಕೊಠಡಿ ಗ್ರಂಥಾಲಯದ ನೆಲಮಾಳಿಗೆಯಲ್ಲಿದೆ. ಕಿಟಕಿ ಇಲ್ಲ. ಇಡೀ ವಿಶ್ವವಿದ್ಯಾಲಯದ ಕಂಪ್ಯೂಟರುಗಳಿಂದ ಏನು ಹೊರಹೋಗುತ್ತದೆ, ಏನು ಒಳಬರುತ್ತದೆ ಎಂದು ಇಲ್ಲಿ ಕೂತು ಕಾಯುತ್ತಾರೆ. ಮುಖ್ಯಸ್ಥೆ ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯುತ್ತಾರೆ, ಆದ್ದರಿಂದ ಎಲ್ಲರ ಬಾಯಲ್ಲೂ ಅವರು ಪೆನ್ಸಿಲ್ ಮೇಡಂ. ಎರಡೇ ನಿಯಮ ಹೇಳಿದರು. ಕಂಡಿದ್ದನ್ನು ಬರೆಯಿರಿ, ಊಹಿಸಿದ್ದನ್ನು ಬರೆಯಬೇಡಿ. ಯಾರ ಮೇಲೆ ಕಣ್ಣಿಟ್ಟಿದ್ದೀರೋ ಅವರ ಹತ್ತಿರ ಬಾಯಿ ಬಿಡಬೇಡಿ.

ಎಂಟು ವಾರದ ತರಬೇತಿ. ಕೊನೆಗೆ ಎರಡು ಕುರ್ಚಿ ತುಂಬುತ್ತವೆ: ಒಂದು ನಮ್ಮ ನಾಲ್ವರಲ್ಲಿ ಒಬ್ಬರಿಗೆ, ಇನ್ನೊಂದು ವಿಶ್ವವಿದ್ಯಾಲಯದ ಸಿಬ್ಬಂದಿಯಲ್ಲಿ ಯಾರು ಪರೀಕ್ಷೆ ಪಾಸು ಮಾಡುತ್ತಾರೋ ಅವರಿಗೆ. ಸಿಬ್ಬಂದಿಯಲ್ಲಿ ಯಾರು ಬರುತ್ತಾರೆ! ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ನಾಲ್ಕು ಜನ ಸುತ್ತ ನಿಂತು ಸಂತಾಪ ಸೂಚಿಸುವ ಪೈಕಿ ಅವರು. ಮನೆಗೆ ಬಂದು ಈ ಮಾತನ್ನು ಚಿಕ್ಕಮ್ಮನಿಗೂ ಹೇಳಿದೆ. ಅವಳೂ ಅಲ್ಲಿಯ ಪ್ರವೇಶ ವಿಭಾಗದಲ್ಲೇ ಗುಮಾಸ್ತೆ. ನಕ್ಕಳು.

ಜನವರಿ 9, ಗುರುವಾರ

ಇಂದು ಉದ್ಯೋಗ ಸಲಹೆಗಾರರು ನಮಗೆ ಒಂದು ಗಂಟೆ ಕೊರೆದರು. ಸೈಬರ್ ಭದ್ರತೆಗೆ ಒಂದೇ ಬಾಗಿಲು ಅಂದುಕೊಳ್ಳಬೇಡಿ ಎಂದರು. ಕಾವಲು ಕಾಯುವವರು, ಬೀಗ ಒಡೆದು ತೋರಿಸುವವರು, ಕಳವಾದ ಮೇಲೆ ಹೆಜ್ಜೆ ಗುರುತು ಹುಡುಕುವವರು, ನಿಯಮ ಬರೆಯುವವರು. ಕಾನೂನು ಓದಿದವರೂ ಬರುತ್ತಾರೆ, ಮನಶ್ಶಾಸ್ತ್ರ ಓದಿದವರೂ ಬರುತ್ತಾರೆ. ಸಂಖ್ಯಾಶಾಸ್ತ್ರದವಳಾದ ನನಗೆ ಕಾವಲೇ ಸರಿಯಂತೆ, ಸಾವಿರ ಸಾಲಿನ ನಡುವೆ ಬೇರೆಯಾಗಿ ಕಾಣುವ ಒಂದು ಸಾಲನ್ನು ಹೆಕ್ಕುವ ಕೆಲಸ. ಈ ಕುರ್ಚಿ ಸಿಗದಿದ್ದರೆ ಸೋದರಮಾವನ ಟೈಲ್ಸ್ ಅಂಗಡಿಯೇ ಗತಿ. ಹನ್ನೊಂದು ಕಡೆ ಅರ್ಜಿ ಹಾಕಿ ಹನ್ನೊಂದು ಕಡೆಯೂ ಬೇಡ ಅನ್ನಿಸಿಕೊಂಡು ಆಗಿದೆ.

ಸಂಜೆ ಅಡುಗೆಮನೆಯ ಕ್ಯಾಲೆಂಡರ್ ತಿರುಗಿಸಿ, ಅದರ ಹಿಂದೆ ಚಿಕ್ಕಮ್ಮ ಅಂಟಿಸಿರುವ ಪಾಸ್‌ವರ್ಡ್ ಚೀಟಿ ತೋರಿಸಿ ಬೈದೆ.

"ಕಳ್ಳ ಬಂದ್ರೆ ಇವತ್ತು ಯಾವ ವಾರ ಅಂತ ನೋಡ್ಕೊಂಡು ಹೋಗ್ತಾನಾ?" ಎಂದಳು.

ಅಮ್ಮ ಹೋದ ಮೇಲೆ ಒಂಬತ್ತು ವರ್ಷ ನನ್ನನ್ನು ಸಾಕಿದವಳು ಇವಳು. ಬಾಗಿಲು ತಟ್ಟಿದವರಿಗೆಲ್ಲ ಯಾರೆಂದು ಕೇಳದೆ ಚಹಾ ಕೊಡುತ್ತಾಳೆ. ಇವಳಿಗೆ ಯಾರು ಬೇಕಾದರೂ ಮೋಸ ಮಾಡಬಹುದು ಅನ್ನಿಸಿ ಪಾಪ ಅನ್ನಿಸಿತು.

ಜನವರಿ 17, ಶುಕ್ರವಾರ

ಪಕ್ಕದಲ್ಲಿ ಕೂರುವವನು ಉದ್ದಣ್ಣ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದ, ಅದಕ್ಕೇ ಆ ಹೆಸರು. ಕಂಪ್ಯೂಟರ್ ವಿಜ್ಞಾನದವನು. ನಿನ್ನೆ ನಾನು ಹಿಡಿದ ಒಂದು ಸುಳ್ಳು ಲಾಗಿನ್ನನ್ನು ಇಂದು ಅವನೂ ಹಿಡಿದ. ಕಾಕತಾಳೀಯವೋ? ನನ್ನ ಪರದೆಯನ್ನು ಸ್ವಲ್ಪ ಗೋಡೆ ಕಡೆಗೆ ತಿರುಗಿಸಿಕೊಂಡೆ. ಅವನು ಗಮನಿಸಿದ. ಗಮನಿಸಿದ ಅಂದರೆ ನೋಡುತ್ತಿದ್ದ ಅಂತ ತಾನೆ ಅರ್ಥ?

ಕೆಲಸದ ವಿಷಯ ಬರೆಯುವ ಈ ಡೈರಿಯನ್ನು ಹಾಸಿಗೆಯ ಕೆಳಗೆ ಇಡತೊಡಗಿದ್ದೇನೆ. ಮೇಲೆ, ಎಡಗಡೆಗೆ, ಒಂದು ನೀಲಿ ದಾರ. ಯಾರಾದರೂ ತೆಗೆದರೆ ದಾರ ಹೇಳುತ್ತದೆ. ಚಿಕ್ಕಮ್ಮನ ಹೊಲಿಗೆ ಡಬ್ಬಿಯದೇ ದಾರ.

ಜನವರಿ 28, ಮಂಗಳವಾರ

ಕ್ಯಾಲೆಂಡರ್ ಹಿಂದಿನ ಚೀಟಿ ಮಾಯ.

ಬೈದದ್ದಕ್ಕೆ ತೆಗೆದಿರಬಹುದು ಅಂದುಕೊಳ್ಳೋಣ ಎಂದರೆ, ಹತ್ತೊಂಬತ್ತು ದಿನದ ಮೇಲೆಯೇ? ಚಿಕ್ಕಮ್ಮನ ಫೋನಿಗೂ ಬೀಗ ಬಿದ್ದಿದೆ. ಸಮಯ ನೋಡಲೆಂದು ಕೈಗೆತ್ತಿಕೊಂಡರೆ ಆರು ಅಂಕಿ ಕೇಳಿತು. ಹಿಂದೆಲ್ಲ ಅದು ಮನೆಯ ಚಮಚದ ಹಾಗೆ, ಯಾರ ಕೈಗೆ ಸಿಕ್ಕರೆ ಅವರದು.

"ಯಾಕೆ ಬೀಗ?" ಅಂದೆ.

"ಸುಮ್ನೆ."

ಸುಮ್ಮನೆ ಯಾರೂ ಏನೂ ಮಾಡುವುದಿಲ್ಲ. ಕೊಠಡಿಯಲ್ಲಿ ಮೂರು ವಾರದಲ್ಲಿ ಕಲಿತದ್ದು ಅದೊಂದೇ.

ಫೆಬ್ರವರಿ 4, ಮಂಗಳವಾರ

ಸಿಕ್ಕಿತು! ಕೊನೆಗೂ ನನ್ನದೇ ಒಂದು ಬೇಟೆ.

ಪ್ರವೇಶ ವಿಭಾಗದ ಮೂರನೆಯ ಕಂಪ್ಯೂಟರಿನಿಂದ ವಾರದಲ್ಲಿ ನಾಲ್ಕು ದಿನ, ಮಧ್ಯಾಹ್ನ ಸರಿಯಾಗಿ ಒಂದು ಹತ್ತಕ್ಕೆ, ಹೊರಗಿನ ಒಂದು ವಿಳಾಸಕ್ಕೆ ಫೈಲು ಹೋಗುತ್ತಿದೆ. ಗಾತ್ರ ಹೆಚ್ಚುಕಡಿಮೆ ಒಂದೇ. ಒಳಗೇನಿದೆ ಗೊತ್ತಿಲ್ಲ, ಬೀಗ ಹಾಕಿದ ಫೈಲು. ಪ್ರವೇಶ ವಿಭಾಗ ಅಂದರೆ ಸಾವಿರಾರು ವಿದ್ಯಾರ್ಥಿಗಳ ಹೆಸರು, ವಿಳಾಸ, ಜನ್ಮದಿನಾಂಕ. ಅದನ್ನು ಕೊಂಡುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಊಟದ ಹೊತ್ತಿನಲ್ಲಿ, ಎಲ್ಲರೂ ಎದ್ದುಹೋದ ಮೇಲೆ, ಯಾರೋ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದಾರೆ.

ಮೂರನೆಯದರಲ್ಲಿ ಕೂರುವವರು ಯಾರೆಂದು ಪಟ್ಟಿಯಲ್ಲಿಲ್ಲ. ಅಲ್ಲಿ ಐದು ಜನ, ಅದರಲ್ಲಿ ಚಿಕ್ಕಮ್ಮನೂ ಒಬ್ಬಳು. ಅವಳನ್ನು ಕೇಳಿದರೆ ನಿಮಿಷದಲ್ಲಿ ತಿಳಿಯುತ್ತಿತ್ತು. ಎರಡನೆಯ ನಿಯಮ ನೆನಪಾಗಿ ಬಾಯಿಗೆ ಬೀಗ ಹಾಕಿಕೊಂಡೆ. ಉದ್ದಣ್ಣನಿಗೂ ಹೇಳಿಲ್ಲ.

ಫೆಬ್ರವರಿ 12, ಬುಧವಾರ

ಊಟಕ್ಕೆ ಕೂತಾಗ ಚಿಕ್ಕಮ್ಮ ತಟ್ಟೆ ನೋಡುತ್ತಾ ಕೇಳಿದಳು: "ಅಲ್ಲ ಮರಿ, ನಾವು ಆಫೀಸಲ್ಲಿ ಏನೇನು ಕಳಿಸ್ತೀವಿ ಅಂತ ನಿಮಗೆ ಅಲ್ಲಿ ಕಾಣುತ್ತಾ?"

ಕಿವಿ ನೆಟ್ಟಗಾಯಿತು. "ಯಾಕೆ?"

"ಸುಮ್ನೆ ಕೇಳ್ದೆ. ಆಫೀಸ್ ಕೆಲಸ ಅಲ್ಲದೇ ಇರೋದು ಕಳಿಸಿದ್ರೆ ಏನಾದ್ರೂ ಮಾಡ್ತಾರಾ?"

ಸುಮ್ನೆ. ಮತ್ತೆ ಸುಮ್ನೆ!

"ನಮಗೆ ಅಷ್ಟೆಲ್ಲ ತೋರಿಸಲ್ಲ," ಎಂದೆ. ಚಿಕ್ಕಮ್ಮನಿಗೆ ಹೇಳಿದ ಮೊದಲ ಸುಳ್ಳು ಇರಬೇಕು, ಆದರೆ ನಾಲಿಗೆ ತಡವರಿಸಲಿಲ್ಲ.

ಫೆಬ್ರವರಿ 13, ಗುರುವಾರ

ಚಿಕ್ಕಮ್ಮ ಊಟದ ಡಬ್ಬಿ ಮರೆತು ಹೋಗಿದ್ದಳು. ನಾನೇ ತೆಗೆದುಕೊಂಡು ಹೋದೆ. ಬೇಕೆಂದೇ ಒಂದು ಗಂಟೆ ಎಂಟು ನಿಮಿಷಕ್ಕೆ.

ಕೋಣೆಯಲ್ಲಿ ಅವಳೊಬ್ಬಳೇ. ಕನ್ನಡಕ ಮೂಗಿನ ತುದಿಯಲ್ಲಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ. ನನ್ನ ಚಪ್ಪಲಿ ಸದ್ದಾದದ್ದೇ ತಡ, ಪರದೆ ಮುಚ್ಚಿದಳು. ತಿರುಗಿ ನೋಡುವ ಮೊದಲೇ ಮುಚ್ಚಿದಳು. ಕಂಪ್ಯೂಟರಿನ ಬದಿಗೆ ಅಂಟಿಸಿದ್ದ ಚೀಟಿ ನೋಡಿದೆ: ಪ್ರವೇಶ, 3.

ಡಬ್ಬಿ ಇಟ್ಟು ಬಂದುಬಿಟ್ಟೆ. ಅವಳು ಹಿಂದಿನಿಂದ "ತಿಂದ್ಯಾ ನೀನು?" ಎಂದು ಕೂಗುತ್ತಿದ್ದಳು.

ಫೆಬ್ರವರಿ 20, ಗುರುವಾರ

ದಾರ ಬಲಗಡೆಗಿತ್ತು.

ಫೆಬ್ರವರಿ 24, ಸೋಮವಾರ

ಬೆಳಿಗ್ಗೆ 6:50: ಫೋನ್ ಹಿಡಿದು ಬಾಲ್ಕನಿಗೆ ಹೋದಳು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಏನೋ ಕೇಳುತ್ತಿದ್ದಳು. 7:15ಕ್ಕೆ ಒಳಗೆ.
ಮಧ್ಯಾಹ್ನ 1:10: ಫೈಲು ಹೋಯಿತು.
ಸಂಜೆ 6:05: ಕೈಚೀಲದಲ್ಲಿ ಒಂದು ನೋಟ್‌ಬುಕ್. ನಾನು ಬಂದಾಗ ಚೀಲದ ಜಿಪ್ ಎಳೆದಳು.
7:30: "ಶುಕ್ರವಾರ ಒಳ್ಳೇ ಸೀರೆ ಉಡ್ಬೇಕು, ಇಸ್ತ್ರಿ ಮಾಡ್ಕೊಡ್ತೀಯಾ?" ಎಂದಳು. ಏನು ವಿಶೇಷ ಎಂದರೆ ನಕ್ಕಳು, ಅಷ್ಟೆ. ಶುಕ್ರವಾರ ಯಾರನ್ನೋ ಭೇಟಿಯಾಗುತ್ತಾಳೆ.

ಇಸ್ತ್ರಿ ಮಾಡಿಕೊಟ್ಟೆ. ನಾನು ಬದಲಾಗಿದ್ದೇನೆ ಎಂದು ಅವಳಿಗೆ ಗೊತ್ತಾಗಬಾರದಲ್ಲ.

ಫೆಬ್ರವರಿ 26, ಬುಧವಾರ

ಉದ್ದಣ್ಣ ಚಹಾ ಯಂತ್ರದ ಹತ್ತಿರ ಹಿಡಿದು ನಿಲ್ಲಿಸಿದ. "ವಾರದಿಂದ ಮುಖ ಸರಿ ಇಲ್ಲ. ಏನಾದ್ರೂ ದೊಡ್ಡದು ಸಿಕ್ಕಿದೆಯಾ?"

ಯಾರ ವಿಷಯ ಎಂದು ಹೇಳದೆ, ಪರಿಚಯದವರ ಮೇಲೆ ಅನುಮಾನ ಬಂದರೆ ಏನು ಮಾಡುತ್ತೀಯ ಎಂದೆ.

"ಮೇಡಂ ಹತ್ರ ಹೋಗಿ, ಇವರು ನಮ್ಮವರು, ಇದು ಬೇರೆಯವರು ನೋಡ್ಲಿ ಅಂತ ಹೇಳ್ತೀನಿ. ನಾನಂತೂ ವರದಿ ಬರೆಯಲ್ಲ."

ಚೆನ್ನಾಗಿದೆ! ನಾನು ಕೈ ಬಿಡಬೇಕು, ಅವನು ಎತ್ತಿಕೊಳ್ಳಬೇಕು, ಕುರ್ಚಿ ಅವನಿಗೆ ಹೋಗಬೇಕು. ಕಾಳಜಿಯ ವೇಷದಲ್ಲಿ ಬಂದ ಸುಳ್ಳು ಮೇಲ್ ಇದು, ಜನವರಿ ಆರರ ಹುಡುಗಿಯಾಗಿದ್ದರೆ ಒತ್ತಿಬಿಡುತ್ತಿದ್ದೆ.

ಫೆಬ್ರವರಿ 27, ಗುರುವಾರ

ವರದಿ ಕೊಟ್ಟೆ. ಸಂಜೆ ನಾಲ್ಕೂವರೆಗೆ.

ನಾಲ್ಕೇ ಸಾಲು. ಒಂದು, ಯಾವ ಕಂಪ್ಯೂಟರು, ಅಲ್ಲಿ ಕೂರುವವರು ಯಾರು. ಎರಡು, ಯಾವ ಹೊತ್ತು, ಎಷ್ಟು ಸಲ. ಮೂರು, ಬೀಗ ಹಾಕಿದ ಫೈಲು, ಹೊರಗಿನ ವಿಳಾಸ. ಅಷ್ಟಕ್ಕೇ ನಿಲ್ಲಿಸಿದರೆ ಸಪ್ಪೆ ಅನ್ನಿಸಿತು. ಯಾರಾದರೂ ಓದಿ "ಇರಲಿ ಬಿಡು" ಅಂದುಬಿಟ್ಟರೆ? ನಾಲ್ಕನೆಯದನ್ನು ಸೇರಿಸಿದೆ: "ಸದರಿ ಉದ್ಯೋಗಿಯು ಇತ್ತೀಚೆಗೆ ಕ್ಯಾಲೆಂಡರಿನ ಹಿಂದೆ ಇಟ್ಟಿದ್ದ ಪಾಸ್‌ವರ್ಡ್ ಚೀಟಿಯನ್ನು ನಾಶಪಡಿಸಿ, ಫೋನಿಗೆ ಬೀಗ ಹಾಕಿ, ವರ್ತನೆಯಲ್ಲಿ ಗೋಪ್ಯತೆ ತೋರುತ್ತಿದ್ದು, ಶುಕ್ರವಾರ ಹೊರಗಿನವರನ್ನು ಭೇಟಿಯಾಗುವ ಸಾಧ್ಯತೆ ಇದೆ."

ಸದರಿ ಉದ್ಯೋಗಿ. ಹಾಗೆಂದೇ ಬರೆದೆ. ಮನೆಗೆ ಬಂದಾಗ ಸದರಿ ಉದ್ಯೋಗಿ ನನ್ನ ಹರಿದ ಚೀಲದ ಹಿಡಿ ಹೊಲಿಯುತ್ತಾ ಕೂತಿದ್ದಳು.

ಫೆಬ್ರವರಿ 28, ಶುಕ್ರವಾರ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಪೆನ್ಸಿಲ್ ಮೇಡಂ ಚಿಕ್ಕಮ್ಮನ ಖಾತೆ ಮುಚ್ಚಿದರು. "ಕಣ್ಣು ಚುರುಕಾಗಿದೆ," ಎಂದು ಎಲ್ಲರೆದುರು ಹೇಳಿದರು. ಉದ್ದಣ್ಣ ತಲೆ ಎತ್ತಲಿಲ್ಲ. ಎಂಟು ವಾರದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ನೆಟ್ಟಗೆ ಕೂತೆ.

ಮಧ್ಯಾಹ್ನ ಮೇಡಂ ಪ್ರವೇಶ ವಿಭಾಗಕ್ಕೆ ಹೋಗಿ ಬಂದರು. ಬಂದವರು ನನ್ನ ಕಡೆ ನೋಡದೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಚಿಕ್ಕಮ್ಮ ಸಂಜೆ ಇಸ್ತ್ರಿ ಸೀರೆಯಲ್ಲೇ ಬಾಲ್ಕನಿಯಲ್ಲಿ ಕೂತಿದ್ದಳು. ನಾನು ಬಂದರೂ ತಿರುಗಿ ನೋಡಲಿಲ್ಲ. ತಪ್ಪು ಮಾಡಿದವರು ಹೀಗೇ ಇರುತ್ತಾರೆ. ಆದರೆ ತಟ್ಟೆ ಹಾಕಿ, ನನಗೆ ಬಡಿಸಿ ಹೋದಳು.

ಮಾರ್ಚ್ 1, ಶನಿವಾರ

ಬರೆಯುವುದೋ ಬೇಡವೋ ಎಂದು ಬೆಳಿಗ್ಗೆಯಿಂದ ಪೆನ್ನು ಹಿಡಿದು ಕೂತಿದ್ದೇನೆ.

ಚಹಾ ಆದ ಮೇಲೆ ಚಿಕ್ಕಮ್ಮ ಕೈಚೀಲದಿಂದ ಆ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು. ಅವಳ ದುಂಡು ಅಕ್ಷರ. ಪಾಠ ಒಂದು: ಪಾಸ್‌ವರ್ಡ್ ಎಲ್ಲಿಯೂ ಬರೆದಿಡಬಾರದು. ಪಾಠ ಮೂರು: ಫೋನಿಗೆ ಬೀಗ, ಮನೆಯವರಿಗೂ ಅಂಕಿ ಹೇಳಬಾರದು. ಪಾಠ ಆರು: ಯಾರೇ ಹತ್ತಿರ ಬಂದರೂ ಮೊದಲು ಪರದೆ ಮುಚ್ಚಬೇಕು. ಪಾಠ ಒಂಬತ್ತು: ಫೈಲನ್ನು ಬೀಗ ಹಾಕಿಯೇ ಕಳಿಸಬೇಕು. ಒಂದೊಂದರ ಪಕ್ಕದಲ್ಲೂ, ಮಾಡಿ ಮುಗಿಸಿದ ದಿನಾಂಕ ಮತ್ತು ಒಂದು ಪುಟ್ಟ ಗೆರೆ.

ಎರಡನೆಯ ಕುರ್ಚಿಯ ಪರೀಕ್ಷೆಗೆ ಅವಳು ಓದುತ್ತಿದ್ದಳು. ಬೆಳಿಗ್ಗೆ ಬಾಲ್ಕನಿಯಲ್ಲಿ ಪಾಠ ಕೇಳುವುದು, ಊಟದ ಹೊತ್ತಿನಲ್ಲಿ ಅಭ್ಯಾಸದ ಉತ್ತರ ಬರೆದು ಒಂದು ಹತ್ತಕ್ಕೆ ಪರೀಕ್ಷಾ ಸಂಸ್ಥೆಗೆ ಕಳಿಸುವುದು. ಪರೀಕ್ಷೆ ನಿನ್ನೆ ಹನ್ನೊಂದಕ್ಕೆ ಇತ್ತು, ಅವಳ ಕಚೇರಿ ಖಾತೆಯಿಂದಲೇ ಬರೆಯಬೇಕಿತ್ತು. ಹತ್ತೂ ಇಪ್ಪತ್ತಕ್ಕೆ ಖಾತೆ ಮುಚ್ಚಿತು.

"ನಂಗೊಂದು ಮಾತು ಹೇಳಬಾರದಿತ್ತಾ ಚಿಕ್ಕಮ್ಮ?" ಎಂದೆ. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು, ತಪ್ಪನ್ನು ಅವಳ ಮಡಿಲಿಗೆ ಹಾಕುತ್ತಿದ್ದೆ.

"ಫೇಲಾದ್ರೆ ನಗ್ತೀಯ ಅಂತ. ಪ್ರಿಂಟರ್ ಸುತ್ತ ನಿಲ್ಲೋರು ಅಂದಿದ್ದೆಯಲ್ಲ."

"ಪಾಸಾಗಿದ್ರೆ?"

"ಪಾಸಾಗಿದ್ರೆ ಹೇಳದೇ ಬಂದು ನಿನ್ನ ಪಕ್ಕದ ಕುರ್ಚೀಲಿ ಕೂತ್ಕೋಬೇಕು ಅಂತಿತ್ತು. ನಿನ್ನ ಮುಖ ಹೇಗಾಗುತ್ತೆ ನೋಡ್ಬೇಕಿತ್ತು."

ಮುಂದಿನ ಸಲ ಬರೆಯಬಹುದಲ್ಲ ಎಂದೆ. ಪರೀಕ್ಷೆ ವರ್ಷಕ್ಕೊಮ್ಮೆ, ನಲವತ್ತೆಂಟರವರೆಗೆ ಮಾತ್ರವಂತೆ. ಜೂನ್‌ನಲ್ಲಿ ಅವಳಿಗೆ ನಲವತ್ತೊಂಬತ್ತು.

ಆಮೇಲೆ ಅವಳು ಕೇಳಿದ್ದು ಒಂದೇ ಮಾತು. "ಆ ಕ್ಯಾಲೆಂಡರ್ ವಿಷಯ ನಿಮ್ಮ ಮೇಡಂಗೆ ಹೇಗೆ ಗೊತ್ತಾಯ್ತು ಮರಿ?" ಉತ್ತರ ಗೊತ್ತಿದ್ದೇ ಕೇಳಿದಳು. ನಾನು ಅತ್ತೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ನೋಟ್‌ಬುಕ್ಕನ್ನು ಎತ್ತಿ ಹಳೇ ಪತ್ರಿಕೆಗಳ ಜೊತೆ ಇಟ್ಟಳು.

ಬಾಗಿಲ ಹತ್ತಿರ ಹೋದವಳಿಗೆ, ನನಗೂ ಒಂದು ಆಸರೆ ಬೇಕಿತ್ತೇನೋ, "ನೀನೂ ನನ್ನ ಡೈರಿ ತೆಗೆದಿದ್ದೆ, ದಾರ ಬಲಗಡೆಗಿತ್ತು," ಎಂದುಬಿಟ್ಟೆ.

"ಹಾಸಿಗೆ ಕೊಡವುವಾಗ ಬಿದ್ದುಹೋಗುತ್ತೆ ಅದು. ಪ್ರತಿಸಲ ಎತ್ತಿ ಇಡ್ತಿದ್ದೆ, ನಿನಗೆ ಯಾತಕ್ಕೋ ಬೇಕಿರುತ್ತೆ ಅಂತ. ಯಾವ ಕಡೆ ಇಡ್ಬೇಕು ಅಂತ ಗೊತ್ತಾಗ್ಲಿಲ್ಲ."

"ಎಡಕ್ಕೆ," ಎಂದೆ. ಯಾಕೆ ಹಾಗೆಂದೆನೋ ದೇವರಿಗೇ ಗೊತ್ತು.

ಮಾರ್ಚ್ 3, ಸೋಮವಾರ

ಪೆನ್ಸಿಲ್ ಮೇಡಂ ನನ್ನ ವರದಿಯನ್ನು ಮೇಜಿನ ಮೇಲೆ ಹರಡಿದ್ದರು. ನಾಲ್ಕನೆಯ ಸಾಲಿನ ಕೆಳಗೆ ಪೆನ್ಸಿಲ್ ಗೆರೆ.

"ಮೊದಲ ಮೂರು ಸಾಲು ಸರಿಯಾಗಿವೆ. ಅಷ್ಟೇ ಇದ್ದಿದ್ದರೆ ನಾನು ಅವರಿಗೆ ಒಂದು ಫೋನ್ ಮಾಡಿ ಕೇಳ್ತಿದ್ದೆ, ಎರಡು ನಿಮಿಷದ ಕೆಲಸ. ಪರೀಕ್ಷೆಗೆ ಕೂತವರ ಹೆಸರು ಫಲಿತಾಂಶದವರೆಗೆ ನಮಗೆ ಬರಲ್ಲ. ನಾಲ್ಕನೇದು ಓದಿ ಹೆದರಿ ಖಾತೆ ಮುಚ್ಚಿದೆ. ಇದು ಯಾವ ಕಂಪ್ಯೂಟರಿನ ದಾಖಲೆಯಲ್ಲಿ, ಯಾವ ಲಾಗ್‌ನಲ್ಲಿತ್ತು?"

"ಲಾಗ್‌ನಲ್ಲಿರಲಿಲ್ಲ."

"ಮತ್ತೆ?"

"ನಮ್ಮ ಅಡುಗೆಮನೆಯಲ್ಲಿತ್ತು."

ಬೈಯುತ್ತಾರೆ ಎಂದುಕೊಂಡೆ. ಅವರು ಕಿಟಕಿ ಇಲ್ಲದ ಗೋಡೆ ನೋಡುತ್ತಾ ಕೂತರು. "ಇಪ್ಪತ್ತು ವರ್ಷದಿಂದ ಇಲ್ಲಿ ಬಡ್ಕೊಂಡಿದ್ದೀನಿ, ಚೀಟಿ ಹರಿದುಹಾಕಿ, ಫೋನಿಗೆ ಬೀಗ ಹಾಕಿ, ಪರದೆ ಮುಚ್ಚಿ ಅಂತ. ಒಬ್ಬರೂ ಮಾಡ್ಲಿಲ್ಲ. ಕೊನೆಗೆ ಒಬ್ಬರು ಮಾಡಿದ್ರು. ಅವರನ್ನೇ ಹಿಡಿದ್ವಿ."

ಮರುಪರೀಕ್ಷೆಗೆ ಪತ್ರ ಬರೆದಿದ್ದರಂತೆ. ಸಂಸ್ಥೆಯವರು ಆಗುವುದಿಲ್ಲ ಎಂದರಂತೆ. ನಮ್ಮ ನಾಲ್ವರ ಕುರ್ಚಿ ಉದ್ದಣ್ಣನಿಗೆ. ಅವನು ನನ್ನ ಹತ್ತಿರ ಬಂದು ನನ್ನ ಲೋಟಕ್ಕೂ ಚಹಾ ಹಿಡಿದುಕೊಟ್ಟ. ಒಳ್ಳೆಯ ಹುಡುಗ ಅವನು. ಮೊದಲಿಂದಲೂ ಒಳ್ಳೆಯವನೇ ಇದ್ದ. ಪಕ್ಕದ ಇನ್ನೊಂದು ಕುರ್ಚಿಗೆ ಯಾರೂ ಬರುವುದಿಲ್ಲವಂತೆ, ಸಿಬ್ಬಂದಿಯಲ್ಲಿ ಅರ್ಜಿ ಹಾಕಿದ್ದವಳು ಚಿಕ್ಕಮ್ಮ ಒಬ್ಬಳೇ.

ಮಾರ್ಚ್ 6, ಗುರುವಾರ

ಚಿಕ್ಕಮ್ಮ ಈಗ ನಾನು ಕೇಳದೆಯೇ ಎಲ್ಲ ಹೇಳಿ ಮಾಡುತ್ತಾಳೆ. "ಬಾಲ್ಕನಿಗೆ ಹೋಗ್ತೀನಿ, ಬಟ್ಟೆ ತರೋಕೆ." "ಅಂಗಡಿಗೆ ಹೋಗ್ತೀನಿ, ಸೋಪು ತರೋಕೆ, ಹತ್ತು ನಿಮಿಷ." ಫೋನಿನ ಬೀಗವನ್ನೂ ತೆಗೆದಿದ್ದಾಳೆ, ಮೇಜಿನ ಮೇಲೆ ಮುಖ ಮೇಲೆ ಮಾಡಿ ಇಡುತ್ತಾಳೆ. ದನಿಯಲ್ಲಿ ಕೊಂಕಿಲ್ಲ. ಕೊಂಕಿದ್ದಿದ್ದರೆ ಚೆನ್ನಾಗಿತ್ತು.

ಹೇಳಬೇಡ ಚಿಕ್ಕಮ್ಮ ಎಂದೆ. "ಗೊತ್ತಿರಲಿ ಬಿಡು," ಎಂದು 5:40ಕ್ಕೆ ಹೊರಟಳು. 5:52ಕ್ಕೆ ಬಂದಳು, ಕೈಯಲ್ಲಿ ಸೋಪು.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ದಾರವನ್ನು ಕಸದ ಬುಟ್ಟಿಗೆ ಎಸೆದೆ. ಡೈರಿಯನ್ನು ಊಟದ ಮೇಜಿನ ಮೇಲೆ, ಫೆಬ್ರವರಿ 27ರ ಪುಟ ತೆರೆದು ಇಟ್ಟು ಹೊರಗೆ ಹೋದೆ. ಓದಲಿ. ಓದಿ ಬೈಯಲಿ, ಹರಿದು ಹಾಕಲಿ, ಏನಾದರೂ ಮಾಡಲಿ. ಎರಡು ಗಂಟೆ ಬೀದಿ ಬೀದಿ ಸುತ್ತಿದೆ.

ಬಂದಾಗ ಮೇಜು ಒರೆಸಿತ್ತು, ಡೈರಿ ಇರಲಿಲ್ಲ. ಹಾಸಿಗೆ ಎತ್ತಿದರೆ ಇದ್ದ ಜಾಗದಲ್ಲೇ ಇತ್ತು. ಮೇಲೆ ಕೆಂಪು ದಾರ.

"ನೀಲಿ ಮುಗಿದಿತ್ತು," ಎಂದಳು ಚಿಕ್ಕಮ್ಮ ಅಡುಗೆಮನೆಯಿಂದ. "ಹಾಗೆಲ್ಲ ತೆರೆದಿಟ್ಟು ಹೋಗ್ಬೇಡ. ಯಾರಾದ್ರೂ ಬಂದು ನೋಡಿದ್ರೆ?"

"ನೀನು ಓದ್ಲಿಲ್ವಾ?"

"ನಿಂದಲ್ವಾ ಅದು?"

ನಂಬಿದೆ. ನಂಬಿಕೊಂಡೇ, ಇನ್ನೊಮ್ಮೆ ಹಾಸಿಗೆ ಎತ್ತಿ, ದಾರ ಯಾವ ಕಡೆಗಿದೆ ಎಂದು ನೋಡಿದೆ. ಎಡಗಡೆಗೇ ಇತ್ತು.